ಗಾಲಿಯ ಮೇಲಿನ ಖೋಲಿ

ಹಾಲ್ ಟಿಕೆಟ್ ಬಿಟ್ಟರು ಎಂಬ ಸುದ್ದಿ ಧಾರವಾಡದ ಸಪ್ತಾಪುರಕ್ಕೆ ಹೆಚ್ಚಾಗಿ ರಾತ್ರಿ ಊಟದ ಹೊತ್ತಿಗೇ ಬರುತ್ತದೆ. ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತಿದ್ದ ಕೈಗಳು ನಿಲ್ಲುತ್ತವೆ, ಎಡಗೈಗಳಲ್ಲಿ ಫೋನು ಏಳುತ್ತವೆ, ಝೆರಾಕ್ಸ್ ಅಂಗಡಿಯವನು ಅರ್ಧ ಇಳಿಸಿದ ಶಟರ್ ಮತ್ತೆ ಮೇಲೆತ್ತುತ್ತಾನೆ. ಆಮೇಲೆ ಓಣಿ ತುಂಬ ಒಂದೇ ಮಾತು: "ಸೆಂಟರ್ ಎಲ್ಲಿ ಬಿತ್ತು?" ಧಾರವಾಡ ಅಂದವರು ಮತ್ತೆ ರೊಟ್ಟಿಗೆ ಕೈ ಹಾಕುತ್ತಾರೆ. ಬೆಂಗಳೂರು ಅಂದವರ ಊಟ ಅಲ್ಲಿಗೇ ಮುಗಿಯಿತು. ಅವರಿಗೆ ಆ ಗಳಿಗೆಯಿಂದ ಪರೀಕ್ಷೆ ಎರಡು. ರವಿವಾರ ಮುಂಜಾನೆ ಬರೆಯುವುದು ಒಂದು. ರವಿವಾರ ಮುಂಜಾನೆಯೊಳಗೆ ಅಲ್ಲಿ ಹೋಗಿ ಮುಟ್ಟುವುದು ಇನ್ನೊಂದು. ಮೊದಲನೆಯದಕ್ಕೆ ಸಪ್ತಾಪುರದಲ್ಲಿ ಹೆಜ್ಜೆಗೊಂದು ಕೋಚಿಂಗ್ ಕ್ಲಾಸಿದೆ. ಎರಡನೆಯದಕ್ಕೆ ಇರುವುದು ನಮ್ಮ ಮನೆಯ ಮಾಳಿಗೆ.

ಮಾಳಿಗೆಯ ಮೇಲಿನ ಖೋಲಿಗಳಲ್ಲಿ ಓದುವ ಹುಡುಗಿಯರಿದ್ದಾರೆ. ಹೆಸರು ಹಿಡಿದು ಕರೆಯುವ ರೂಢಿ ಇಲ್ಲಿ ಕಡಿಮೆ. ಲಿಂಗಸುಗೂರಿನಾಕಿ, ಮುಂಡರಗಿಯಾಕಿ, ಯಾದಗಿರಿಯಾಕಿ ಎಂದೇ ಅವರು ಒಬ್ಬರನ್ನೊಬ್ಬರು ಕರೆಯುವುದು. ನಾನು ಎಲ್ಲರಿಗೂ ಆಂಟಿ. ಮೊದಮೊದಲು ಈ ಆಂಟಿ ಎಂಬುದು ಕಿವಿಗೆ ಚುಚ್ಚುತ್ತಿತ್ತು. "ಅಕ್ಕಾರ ಅನ್ರೆವ್ವಾ" ಅಂದು ನೋಡಿದೆ. ಎರಡು ದಿನ ಅಂದರು, ಮೂರನೆಯ ದಿನ ನೀರಿನ ಮೋಟಾರು ಕೆಟ್ಟು ಮತ್ತೆ ಆಂಟಿಯಾದೆ.

ಸಪ್ತಾಪುರ ಭಾವಿಯಿಂದ ಮಿಚಿಗನ್ ಕಂಪೌಂಡಿನವರೆಗೆ ಒಮ್ಮೆ ನಡೆದು ಬಂದರೆ ಈ ಬಡಾವಣೆಯ ಕಸುಬು ಏನೆಂದು ಯಾರೂ ಹೇಳಬೇಕಿಲ್ಲ. ಪಿಎಸ್‌ಐ, ಪಿಡಿಓ, ಎಫ್‌ಡಿಎ, ಕೆಎಎಸ್ ಎಂದು ಬರೆದ ಬೋರ್ಡುಗಳ ಹಿಂದೆ ಮನೆಗಳು ಅಡಗಿಕೊಂಡಿವೆ. ರಾತ್ರಿಯೆಲ್ಲ ದೀಪ ಉರಿಯುವ ಲೈಬ್ರರಿಗಳು, ಕಾಟ್ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಖೋಲಿಗಳು, ತಿಂಗಳ ಲೆಕ್ಕದ ಖಾನಾವಳಿಗಳು. ಓದಲು ಬಂದವರಿಗೆ ನೆರಳು ಕೊಡುವುದು ಈ ಊರಿಗೆ ಹೊಸದಲ್ಲ. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾದ ಮೇಲೆ ಹಳ್ಳಿಯ ಎಷ್ಟೋ ಹುಡುಗರು ಇಲ್ಲಿ ಡಿಗ್ರಿ ಮುಗಿಸಿದ್ದು ಮುರುಘಾಮಠದ ಪ್ರಸಾದನಿಲಯದ ಊಟ ಉಂಡು. ಈಗ ಪ್ರಸಾದದ ಜಾಗದಲ್ಲಿ ಡಿಪಾಜಿಟ್ಟು ಬಂದಿದೆ, ಅಷ್ಟೇ ಫರಕು. ಅದನ್ನು ಇಸಿದುಕೊಳ್ಳುವವರಲ್ಲಿ ನಾನೂ ಒಬ್ಬಳಾದ್ದರಿಂದ ಈ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ಹೇಳಬೇಕಾದ್ದು ಏನೆಂದರೆ, ಇಲ್ಲಿಗೆ ಬರುವ ಹುಡುಗಿಯರಿಗೆ ಧಾರವಾಡವೇ ಮೊದಲ ದೊಡ್ಡ ಊರು. ಸೋವಿ ಖೋಲಿ ಹುಡುಕುವ ಪಾಠ ಅವರಿಗೆ ಇಲ್ಲೇ ಆಗಿರುತ್ತದೆ. ಲಿಂಗಸುಗೂರಿನಾಕಿ ಮೊದಲ ದಿನ ಬಂದು ಬಾಗಿಲಲ್ಲಿ ನಿಂತು ಕೇಳಿದ್ದು ಬಾಡಿಗೆಯನ್ನಲ್ಲ. "ನೀರು ಎಷ್ಟ್ ದಿನಕ್ಕೊಮ್ಮೆ ಬರ್ತಾವ್ರಿ? ಲೈಬ್ರರಿಯಿಂದ ರಾತ್ರಿ ಹತ್ತಕ್ಕ ಬಂದ್ರ ಗೇಟ್ ತಗಿತೀರಿ? ಖಾನಾವಳಿ ನಡಕೊಂಡ್ ಹೋಗೂ ಅಷ್ಟ್ ಐತ್ರಿ?" ಬಾಡಿಗೆ ಕೇಳಿದ್ದು ಕೊನೆಗೆ. ಓದಿದ ಹುಡುಗಿ ಇವಳೇ ಎಂದು ನನಗೆ ಆಗಲೇ ಖಾತ್ರಿಯಾಯಿತು. ಖೋಲಿಯ ಬೆಲೆ ಖೋಲಿಯೊಳಗೆ ಇರುವುದಿಲ್ಲ, ಖೋಲಿಯಿಂದ ಬೇರೆ ಕಡೆ ಹೋಗುವ ಹಾದಿಯಲ್ಲಿ ಇರುತ್ತದೆ ಎಂಬುದು ಬಹಳ ಜನಕ್ಕೆ ನಾಲ್ಕಾರು ಊರು ಸುತ್ತಿದ ಮೇಲೂ ತಿಳಿಯುವುದಿಲ್ಲ.

ಬೆಂಗಳೂರು ಪ್ರವಾಸದ ಸಭೆ ಮಾಳಿಗೆಯ ಮೇಲೆ ಸೇರುವುದು ರಾತ್ರಿ ಒಂಬತ್ತರ ನಂತರ. ಒಂದು ಚಾಪೆ, ಒಂದು ರಫ್ ನೋಟ್‌ಬುಕ್ಕು, ನಾಲ್ಕು ಫೋನು. ಈ ಹುಡುಗಿಯರ ಪುಸ್ತಕಗಳಲ್ಲಿ ರೈಲಿನ ಲೆಕ್ಕಗಳು ರಾಶಿ ಇವೆ. ಇಂತಿಷ್ಟು ಮೀಟರ್ ಉದ್ದದ ರೈಲು ಇಂತಿಷ್ಟು ವೇಗದಲ್ಲಿ ಸೇತುವೆ ದಾಟಲು ಎಷ್ಟು ಸೆಕೆಂಡು ಎಂದು ಕೇಳಿದರೆ ಪೆನ್ನು ಎತ್ತುವ ಮೊದಲೇ ಉತ್ತರ ಹೇಳುತ್ತಾರೆ. ಆದರೆ ಆ ರೈಲಿನಲ್ಲಿ ಕುಳಿತವಳು ರಾತ್ರಿ ಎಲ್ಲಿ ಮಲಗಿದಳು, ಮುಂಜಾನೆ ಎಲ್ಲಿ ಮುಖ ತೊಳೆದಳು ಎಂದು ಯಾವ ಪುಸ್ತಕವೂ ಕೇಳುವುದಿಲ್ಲ. ಮಾಳಿಗೆಯ ಮೇಲಿನ ಲೆಕ್ಕ ಅದು.

ವಂದೇ ಭಾರತ್ ಬಂದಾಗ ಧಾರವಾಡಕ್ಕೆ ಆದ ಸಂಭ್ರಮ ನನಗೂ ಆಗಿತ್ತು. 2023ರ ಜೂನ್ 27ರಂದು ಅದು ಶುರುವಾಯಿತು. ಸುಮಾರು ಆರೂವರೆ ತಾಸಿನಲ್ಲಿ ಬೆಂಗಳೂರು. ಸ್ಟೇಷನ್ನಿಗೆ ಹೋಗಿ ಬಿಳಿ ಗಾಡಿಯನ್ನು ನೋಡಿ ಬಂದವರಲ್ಲಿ ಟಿಕೆಟ್ ಇಲ್ಲದವರೇ ಹೆಚ್ಚು. ಆದರೆ ಮಾಳಿಗೆಯ ಸಭೆಯಲ್ಲಿ ಆ ಗಾಡಿಗೆ ಒಂದು ನಿಮಿಷವೂ ಸಿಗಲಿಲ್ಲ. ಮಧ್ಯಾಹ್ನ ಇಲ್ಲಿಂದ ಹೊರಟರೆ ಅದು ಅಲ್ಲಿ ಮುಟ್ಟುವುದು ದೀಪ ಹಚ್ಚಿದ ಮೇಲೆ. 2025ರ ಆಗಸ್ಟಿನಲ್ಲಿ ಬೆಳಗಾವಿಯಿಂದಲೂ ಒಂದು ಬಂತು. ಅದು ನಸುಕಿನಲ್ಲಿ ಹೊರಟು ಮಧ್ಯಾಹ್ನ ಊಟದ ಹೊತ್ತಿಗೆ ಮುಟ್ಟಿಸುತ್ತದೆ. ಯಾವುದರಲ್ಲಿ ಹೋದರೂ ರವಿವಾರ ಮುಂಜಾನೆಯ ಪರೀಕ್ಷೆಗೆ ಶನಿವಾರವೇ ಹೋಗಿ ಒಂದು ರಾತ್ರಿ ಬೆಂಗಳೂರಿನಲ್ಲಿ ತಂಗಬೇಕು. ಟಿಕೆಟ್ಟಿಗೆ ಸಾವಿರದ ಮೇಲೆ, ತಂಗಲು ಮತ್ತೊಂದು ಸಾವಿರ. ಯಾದಗಿರಿಯಾಕಿ ರಫ್ ನೋಟಿನಲ್ಲಿ ಒಂದು ಗೆರೆ ಹೊಡೆದು ಹೇಳಿದಳು: "ಆಂಟಿ, ಈ ಗಾಡಿ ನಮ್ಮ ಹತ್ರ ಎರಡ್ ಸಲ ರೊಕ್ಕ ಇಸಗೋತೈತ್ರಿ. ಒಮ್ಮೆ ಹತ್ತೂದಕ್ಕ, ಒಮ್ಮೆ ಇಳಿಯೂದಕ್ಕ."

ನಾನು ಅವತ್ತಿನಿಂದ ಇದನ್ನು ತಿರುತಿರುಗಿ ಯೋಚಿಸಿದ್ದೇನೆ. ಗಾಡಿಗಳು ಜೋರಾದಷ್ಟೂ ಬಡವರ ಪ್ರಯಾಣ ತುಟ್ಟಿಯಾಗುತ್ತದೆ. ಟಿಕೆಟ್ಟಿನ ದರ ಹಾಗಿರಲಿ, ಗಾಡಿ ನಿದ್ದೆಯನ್ನು ಹೊರಗೆ ಹಾಕಿಬಿಡುತ್ತದೆ. ರಾತ್ರಿಯ ನಿಧಾನ ಗಾಡಿ ಒಂದೇ ದುಡ್ಡಿನಲ್ಲಿ ಎರಡು ಕೆಲಸ ಮಾಡುತ್ತಿತ್ತು: ಒಯ್ಯುತ್ತಿತ್ತು, ಮಲಗಿಸುತ್ತಿತ್ತು. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಧಾರವಾಡದಲ್ಲಿ ಹತ್ತಿ, ಬುತ್ತಿ ಬಿಚ್ಚಿ ಉಂಡು, ಚಪ್ಪಲಿ ತಲೆದಿಂಬಿನ ಕೆಳಗಿಟ್ಟು ಮಲಗಿದರೆ ಬೆಳಗಾಗುವ ಹೊತ್ತಿಗೆ ಬೆಂಗಳೂರು. ಸ್ಲೀಪರ್ ಟಿಕೆಟ್ಟಿಗೆ ವಂದೇ ಭಾರತದ ಮೂರನೇ ಒಂದು ಪಾಲಿನಷ್ಟೂ ಬೀಳುವುದಿಲ್ಲ. ಲಾಡ್ಜು, ಆಟೋ, ಮರುದಿನದ ಚಿಂತೆ ಎಲ್ಲ ಅದರೊಳಗೇ ಬಂತು. ಹಗಲು ಓಡುವ ಗಾಡಿಯನ್ನು ಪುರುಸೊತ್ತಿದ್ದವರು, ರೊಕ್ಕ ಇದ್ದವರು ಹತ್ತಲಿ, ನನ್ನ ತಕರಾರಿಲ್ಲ. ಆದರೆ ಹೊಸ ಗಾಡಿ ಬಿಡುವವರು ರಾತ್ರಿಯದನ್ನೂ ಒಂದು ಹೆಚ್ಚು ಬಿಡಲಿ ಎಂದು ಕೇಳುವವರು ಬಾವುಟ ತೋರಿಸುವ ದಿನ ಪ್ಲಾಟ್‌ಫಾರ್ಮಿನಲ್ಲಿ ಕಾಣಲಿಲ್ಲ.

ಚೆನ್ನಮ್ಮನ ಗಾಡಿ ಹೋಗಿ ನಿಲ್ಲುವುದು ಸಂಗೊಳ್ಳಿ ರಾಯಣ್ಣನ ಸ್ಟೇಷನ್ನಿನಲ್ಲಿ. ಕಿತ್ತೂರಿನ ಒಡತಿ ತನ್ನ ನಂಬಿಗಸ್ಥನ ಮನೆ ಬಾಗಿಲಿಗೆ ಬೆಳಗ್ಗೆ ಬೆಳಗ್ಗೆ ಬಂದು ಇಳಿಯುತ್ತಾಳೆ, ಹೊರಗೆ ಬಂದರೆ ಮೆಟ್ರೋದವರು ಕೆಂಪೇಗೌಡರ ಹೆಸರು ಬರೆದಿರುತ್ತಾರೆ. ಆ ನೂರು ಹೆಜ್ಜೆಯಲ್ಲಿ ಬೆಳಗಾವಿ ಜಿಲ್ಲೆ ಮುಗಿದು ಬೆಂಗಳೂರು ಶುರುವಾಗುತ್ತದೆ. ಹೊಸಬರು ಇಲ್ಲಿ ಒಂದು ಎಚ್ಚರ ಇಟ್ಟುಕೊಳ್ಳಬೇಕು. ಬೆಂಗಳೂರು ಎಂದು ಬರೆದ ಗಾಡಿಗಳೆಲ್ಲ ಇಲ್ಲಿಗೇ ಬರುವುದಿಲ್ಲ. ಕೆಲವು ಯಶವಂತಪುರದಲ್ಲಿ ನಿಲ್ಲುತ್ತವೆ. ಅದು ಚಿಂತೆಯಿಲ್ಲ, ಮೆಟ್ರೋ ಹತ್ತಿರವೇ ಇದೆ. ಕೆಲವು ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ಲಿಗೆ ಹೋಗುತ್ತವೆ. 2022ರಲ್ಲಿ ತೆರೆದ ಅದು ವಿಮಾನ ನಿಲ್ದಾಣದ ಹಾಗೆ ಚಂದ ಇದೆ. ಆದರೆ ಮೆಟ್ರೋ ಅದರ ಬಾಗಿಲಿಗೆ ಬಂದಿಲ್ಲ. ಬ್ಯಾಗು ಹೊತ್ತವರಿಗೆ ಚಂದಕ್ಕಿಂತ ಬಾಗಿಲು ಮುಖ್ಯ. ಇದೇ ಮಾತನ್ನು ನಾನು ನಮ್ಮ ಹುಬ್ಬಳ್ಳಿಗೂ ಹೇಳುತ್ತೇನೆ: 1507 ಮೀಟರಿನ, ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮ್ ನಮ್ಮದು ಎಂಬ ಹೆಮ್ಮೆ ಸೂಟ್‌ಕೇಸ್ ಎಳೆಯುವಾಗ ಅರ್ಧದಾರಿಯಲ್ಲಿ ಮುಗಿಯುತ್ತದೆ.

ರೈಲಿನ ತೊಡಕು ಬೇರೆ ಇದೆ. ಟಿಕೆಟ್ಟನ್ನು ಅರವತ್ತು ದಿನ ಮೊದಲೇ ಕಾಯ್ದಿರಿಸಬಹುದು. 2024ರ ನವೆಂಬರ್‌ಗಿಂತ ಮುಂಚೆ ನೂರಿಪ್ಪತ್ತು ದಿನ ಇತ್ತು. ಆದರೆ ಹಾಲ್ ಟಿಕೆಟ್ ಬರುವುದು ಪರೀಕ್ಷೆಗೆ ವಾರ ಹತ್ತು ದಿನ ಇದೆ ಎನ್ನುವಾಗ. ಅಷ್ಟರಲ್ಲಿ ಮದುವೆಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು, ಹಬ್ಬಕ್ಕೆ ಬಂದು ವಾಪಸ್ಸು ಹೋಗುವ ಸಾಫ್ಟ್‌ವೇರಿನವರು ಬರ್ತುಗಳನ್ನೆಲ್ಲ ಹಂಚಿಕೊಂಡಿರುತ್ತಾರೆ. ಉಳಿದದ್ದು ತತ್ಕಾಲ್. ಹೊರಡುವ ಹಿಂದಿನ ದಿನ ಸ್ಲೀಪರಿಗೆ ಹನ್ನೊಂದು ಗಂಟೆಗೆ ಸರಿಯಾಗಿ ತೆರೆಯುತ್ತದೆ, ಆಧಾರ್ ಜೋಡಿಸಿದ ಖಾತೆ ಇರಬೇಕು. ಆ ಹೊತ್ತಿನಲ್ಲಿ ಸಪ್ತಾಪುರದ ಲೈಬ್ರರಿಗಳಲ್ಲಿ ಪುಸ್ತಕದ ಹಾಳೆ ತಿರುವುವ ಸಪ್ಪಳವೂ ಇರುವುದಿಲ್ಲ. ಎಲ್ಲರ ಹೆಬ್ಬೆರಳೂ ಗಾಜಿನ ಮೇಲೆ. ಮುಂಡರಗಿಯಾಕಿಗೂ ಯಾದಗಿರಿಯಾಕಿಗೂ ಒಮ್ಮೆ ಆರ್‌ಎಸಿ ಸಿಕ್ಕಿತು, ಒಂದು ಬರ್ತಿಗೆ ಇಬ್ಬರು. ಕುಳಿತುಕೊಂಡೇ ರಾತ್ರಿ ಕಳೆಯಬೇಕಾಯಿತಲ್ಲ ಎಂದು ನಾನು ಮರುಗಿದರೆ, "ಛೊಲೋ ಆತ್ ಬಿಡ್ರಿ ಆಂಟಿ, ದಾವಣಗೆರಿ ಬರೂದ್ರಾಗ ಸಂವಿಧಾನ ಪೂರಾ ರಿವಿಜನ್ ಆತು" ಅಂದರು.

ಗಂಡುಮಕ್ಕಳ ಪಿ.ಜಿ.ಗಳಲ್ಲಿ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಇನ್ನೊಂದು ಬಾಗಿಲು ತೆರೆದಿದೆ. ಶಕ್ತಿ ಯೋಜನೆ ಬಂದ ಮೇಲೆ ಸಾದಾ ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಸಾಕು, ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡುತ್ತಾನೆ. ಸ್ಲೀಪರಿಗಿಲ್ಲ, ಎ.ಸಿ.ಗಿಲ್ಲ, ರಾಜಹಂಸಕ್ಕಿಲ್ಲ. ಇದರಿಂದ ಒಂದು ತಮಾಷೆ ಆಗಿದೆ. ಧಾರವಾಡದಿಂದ ಹುಬ್ಬಳ್ಳಿಗೆ ಇಪ್ಪತ್ತು ಕಿಲೋಮೀಟರು ಚಿಗರಿ ಬಸ್ಸಿನಲ್ಲಿ ಹೋದರೆ ದುಡ್ಡು ಕೊಡಬೇಕು, ಅದು ಎ.ಸಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ನಾನೂರು ಕಿಲೋಮೀಟರು ಕೆಂಪು ಬಸ್ಸಿನಲ್ಲಿ ಹೋದರೆ ಪುಕ್ಕಟೆ. ಎಂಟೊಂಬತ್ತು ತಾಸು ಕುಳಿತೇ ಹೋಗಬೇಕು, ಬೆನ್ನು ಹೇಳಿದ ಮಾತು ಕೇಳುವುದಿಲ್ಲ, ಹಿರಿಯೂರಿನ ಹತ್ತಿರ ಎಲ್ಲೋ ನಡುರಾತ್ರಿ ಚಹಾಕ್ಕೆ ನಿಲ್ಲಿಸಿದಾಗ ಕಾಲು ನೆಲಕ್ಕೆ ತಾಗಿದ್ದೇ ತಿಳಿಯುವುದಿಲ್ಲ. ಆದರೂ ಇಪ್ಪತ್ತೆರಡರ ಬೆನ್ನಿಗೆ ಅದು ಖರ್ಚಲ್ಲ.

ಶಕ್ತಿ ಬಂದ ಮೇಲೆ ನಾನು ಕಂಡ ನಿಜವಾದ ಬದಲಾವಣೆ ಬೇರೆ. ಮುಂಚೆ ಮಗಳ ಜೊತೆ ಪರೀಕ್ಷೆಗೆ ಹೋಗುತ್ತಿದ್ದದ್ದು ಅಪ್ಪ ಅಥವಾ ಅಣ್ಣ, ಯಾಕೆಂದರೆ ಇಬ್ಬರ ಟಿಕೆಟ್ಟಿನ ದುಡ್ಡು ಹೊಂದಿಸುವುದಾದರೆ ಲೋಕ ತಿಳಿದವನನ್ನೇ ಕಳಿಸೋಣ ಎಂಬ ಲೆಕ್ಕ. ಈಗ ಅವ್ವ ಹೋಗುತ್ತಾಳೆ. ಹೊಲ, ಒಲೆ, ಜಾತ್ರೆ ಬಿಟ್ಟು ಬೇರೆ ಕಾಣದ ಅವ್ವಂದಿರು ಮಗಳ ನೆವದಲ್ಲಿ ಬೆಂಗಳೂರಿನ ಯಾವುದೋ ಶಾಲೆಯ ಗೇಟಿನ ಮುಂದೆ ಸೆರಗು ಹೊದ್ದು ಕುಳಿತಿರುತ್ತಾರೆ. ಬಸ್ಸಿನ ಖರ್ಚು ಸೊನ್ನೆಯಾದ ಮೇಲೆ ಎಲ್ಲ ಚಿಂತೆಯೂ ಬಂದು ಸೇರುವುದು ಇಳಿದ ಮೇಲೆ ಊರೊಳಗೆ ಹೋಗುವ ಹನ್ನೆರಡು ಕಿಲೋಮೀಟರಿಗೆ.

ಆ ಹನ್ನೆರಡು ಕಿಲೋಮೀಟರಿನ ಬೆಲೆ ಸರ್ಕಾರಕ್ಕೂ ಒಮ್ಮೆ ತಿಳಿದಿದೆ. 2014ರಲ್ಲಿ ಉತ್ತರ ಕರ್ನಾಟಕದ ಬಸ್ಸುಗಳಿಗೆಂದೇ ಪೀಣ್ಯದಲ್ಲಿ ಬಸವೇಶ್ವರ ಬಸ್ ನಿಲ್ದಾಣ ತೆರೆದರು. ದೊಡ್ಡ ಕಟ್ಟಡ, ಹೊಸ ಬೆಂಚು. ನಮ್ಮ ಜನ ಒಪ್ಪಲಿಲ್ಲ. ನಸುಕಿನಲ್ಲಿ ಗಂಟುಮೂಟೆ ಸಮೇತ ಪೀಣ್ಯದಲ್ಲಿ ಇಳಿಸಿದರೆ ಅಲ್ಲಿಂದ ಊರೊಳಗೆ ಹೋಗಲು ಮತ್ತೊಂದು ಬಸ್ಸು ಕಾಯಬೇಕು, ಇಲ್ಲವೇ ಆಟೋದವನು ಹೇಳಿದ್ದು ಕೊಡಬೇಕು. ಹೆಚ್ಚು ದಿನ ಆಗುವ ಮೊದಲೇ ಬಸ್ಸುಗಳು ಮೆಜೆಸ್ಟಿಕ್ಕಿಗೆ ವಾಪಸ್ಸಾದವು. ಆಗ ಪತ್ರಿಕೆಯಲ್ಲಿ ಓದಿ ನಕ್ಕವರು ಇದ್ದರು. ನನಗೆ ಮಾತ್ರ ಇದು ಪ್ರಯಾಣಿಕರು ಗೆದ್ದ ಅಪರೂಪದ ಪಂದ್ಯ ಅನಿಸಿತು.

ಈಗಿನ ಹುಡುಗಿಯರು ಮೆಜೆಸ್ಟಿಕ್ಕಿನವರೆಗೂ ಹೋಗುವುದಿಲ್ಲ ಎಂಬುದು ಬೇರೆ ಮಾತು. ತುಮಕೂರು ರಸ್ತೆಗುಂಟ ಹಸಿರು ಮೆಟ್ರೋ ಬಂದಿದೆ, 2024ರ ನವೆಂಬರಿನಿಂದ ಅದು ಮಾದಾವರದಿಂದಲೇ ಶುರು. ಜಾಲಹಳ್ಳಿ ಕ್ರಾಸಿನಲ್ಲೋ ಗೊರಗುಂಟೆಪಾಳ್ಯದಲ್ಲೋ ಇಳಿದು ಮೆಟ್ರೋ ಹತ್ತಿದರೆ ಟ್ರಾಫಿಕ್ಕಿನ ಕಾಟ ತಪ್ಪುತ್ತದೆ. ಆದರೆ ಕಂಡಕ್ಟರನಿಗೆ ಮೊದಲೇ ಹೇಳಿಟ್ಟಿರಬೇಕು. ಪೀಣ್ಯದ ಮೇಲ್ಸೇತುವೆ ಹತ್ತಿಬಿಟ್ಟರೆ ಜಾಲಹಳ್ಳಿ ಕ್ರಾಸ್ ಕೆಳಗೇ ಉಳಿಯುತ್ತದೆ. ಕಿಟಕಿಯಿಂದ ಅದನ್ನು ನೋಡುತ್ತ ಮುಂದೆ ಹೋಗಬೇಕು. ಇನ್ನೊಂದು ಗುಟ್ಟು ರವಿವಾರದ್ದು. ವಾರದ ದಿನ ಐದಕ್ಕೇ ಏಳುವ ಮೆಟ್ರೋ ರವಿವಾರ ಏಳಕ್ಕೆ ಏಳುತ್ತದೆ. ಪರೀಕ್ಷೆಗಳೆಲ್ಲ ಇರುವುದು ರವಿವಾರ! ಯುಪಿಎಸ್‌ಸಿಯಂಥ ದೊಡ್ಡ ಪರೀಕ್ಷೆಗೆ ಬೇಗ ತೆರೆಯುವುದುಂಟು. ಎಲ್ಲ ಪರೀಕ್ಷೆಗೂ ಆ ಮರ್ಯಾದೆ ಇಲ್ಲ. ನಸುಕಿನ ಐದಕ್ಕೆ ಬಂದಿಳಿದವಳು ಎರಡು ತಾಸು ಮೆಟ್ಟಿಲ ಮೇಲೆ ಕುಳಿತು ಕಾಯಬೇಕು, ಇಲ್ಲವೇ ಬಿಎಂಟಿಸಿ ಹತ್ತಬೇಕು. ಬಿಎಂಟಿಸಿಯ ಸಾದಾ ಬಸ್ಸಿನಲ್ಲೂ ಹೆಣ್ಣುಮಕ್ಕಳಿಗೆ ಸೊನ್ನೆ ಟಿಕೆಟ್ಟೇ. ಮೆಟ್ರೋದಲ್ಲಿ ಎಲ್ಲರಿಗೂ ದುಡ್ಡು, 2025ರ ಫೆಬ್ರವರಿಯಲ್ಲಿ ದರ ಏರಿದ ಮೇಲೆ ದೂರಕ್ಕೆ ತಕ್ಕಂತೆ 10ರಿಂದ 90 ರೂಪಾಯಿ. ಜೊತೆಗೆ ತಮ್ಮನೋ ಅಣ್ಣನೋ ಇದ್ದರೆ ಅವನಿಗೆ ಬಿಎಂಟಿಸಿಯ 80 ರೂಪಾಯಿಯ ದಿನದ ಪಾಸು ತೆಗೆಸುವುದೇ ಲೇಸು. ದಾರಿ ತಪ್ಪಿದರೂ ತಪ್ಪಿದ್ದಕ್ಕೆ ಹೆಚ್ಚಿಗೆ ಕೊಡಬೇಕಿಲ್ಲ.

ಇಷ್ಟಾದರೂ ಕೆಲವು ಸಲ ತಂಗುವುದು ತಪ್ಪುವುದಿಲ್ಲ. ಎರಡು ದಿನದ ಪರೀಕ್ಷೆ, ಮೇನ್ಸ್, ಉದ್ಯೋಗ ಸೌಧದಲ್ಲಿ ದಾಖಲೆ ಪರಿಶೀಲನೆ. ಆಗ ಊರಿನಿಂದ ಫೋನು ಬರುತ್ತದೆ: "ಬೆಂಗಳೂರಾಗ ನಮ್ಮ ಸೋದರತ್ತಿ ಮೈದುನನ ಮಗ ಅದಾನಲ್ಲ, ಅಲ್ಲೇ ಇರು. ಲಾಡ್ಜ್ ಗೀಡ್ಜ್ ಏನೂ ಬ್ಯಾಡ."

ನನ್ನ ಪ್ರಕಾರ ಬೆಂಗಳೂರಿನಲ್ಲಿ ಎಲ್ಲಕ್ಕಿಂತ ತುಟ್ಟಿ ವಸತಿ ಎಂದರೆ ಸಂಬಂಧಿಕರ ಮನೆ. ಬರಿಗೈಯಲ್ಲಿ ಹೋಗುವಂತಿಲ್ಲ. ಒಂದು ಕಿಲೋ ಪೇಡೆ ಒಯ್ಯಬೇಕು. ಪೇಡೆಯ ಜೊತೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. "ಏನೂ ತರಬೇಡ" ಎಂದು ಅವರು ಹೇಳಿದ್ದರೆ ಇವೆಲ್ಲ ಎರಡೆರಡು ಪಾಲು. ಅವರ ಮನೆ ಕಡ್ಡಾಯವಾಗಿ ಕೆ.ಆರ್. ಪುರದ ಆಚೆಗೇ ಇರುತ್ತದೆ, ಸೆಂಟರ್ ಕಡ್ಡಾಯವಾಗಿ ರಾಜಾಜಿನಗರದಲ್ಲಿ. ರಾತ್ರಿ ಹತ್ತಕ್ಕೆ ಮಲಗೋಣವೆಂದರೆ ಅಣ್ಣ ಆಫೀಸಿನಿಂದ ಬರುವುದೇ ಹತ್ತೂವರೆಗೆ, ಬಂದು "ಅಪ್ಪಾರು ಹೆಂಗದಾರ" ಎಂದು ಶುರುಮಾಡಿದರೆ ಊರಿನ ಹೊಲದ ವ್ಯಾಜ್ಯ ಮುಗಿಯುವಾಗ ಹನ್ನೆರಡು. ಅತ್ತಿಗೆ ಒಳ್ಳೆಯವಳೇ, ಆದರೆ ಮುಂಜಾನೆ ಆರಕ್ಕೆ ಹೊರಡಬೇಕಾದವಳಿಗೆ ಉಪ್ಪಿಟ್ಟು ಮಾಡಲು ಅವಳು ಐದಕ್ಕೆ ಏಳಬೇಕು; ಆ ಸಂಕೋಚದಲ್ಲಿ ಹುಡುಗಿಗೆ ನಿದ್ದೆಯೇ ಬರುವುದಿಲ್ಲ. ಇಷ್ಟರ ಮೇಲೆ ಫಲಿತಾಂಶ ಬಂದ ದಿನ ಮೊದಲ ಫೋನು ಅವರದೇ. ಲಾಡ್ಜಿನವನು ಬಿಲ್ಲು ಕೊಟ್ಟ ಮೇಲೆ ನಮ್ಮ ಅಂಕ ಎಷ್ಟೆಂದು ಕೇಳುವುದಿಲ್ಲ.

ಲಾಡ್ಜಿನವನು ಕೇಳುವುದು ಬೇರೆ. ಮೆಜೆಸ್ಟಿಕ್ಕಿನ ಸುತ್ತ ಗಾಂಧಿನಗರ, ಕಾಟನ್‌ಪೇಟೆಯ ಕಡೆ ಕೋಣೆಗೆ ಬರವಿಲ್ಲ. ಫೋನಿನಲ್ಲಿ ಕಾಣುವ ಹಾಸಿಗೆ ಬೆಳ್ಳಗಿರುತ್ತದೆ, ಕಿಟಕಿ ಇರುತ್ತದೆ. ನಮ್ಮ ಹುಡುಗಿಯರು ಫೋಟೋ ನೋಡುವುದಿಲ್ಲ, ಫೋನು ಹಚ್ಚಿ ಮೂರು ಪ್ರಶ್ನೆ ಕೇಳುತ್ತಾರೆ. ಚೆಕ್‌ಔಟು ಇಪ್ಪತ್ನಾಲ್ಕು ತಾಸಿನದೋ, ಮಧ್ಯಾಹ್ನ ಹನ್ನೆರಡರದೋ? ಹನ್ನೆರಡರದಾದರೆ ಬೆಳಗ್ಗೆ ಆರಕ್ಕೆ ಬಂದವಳು ಆರು ತಾಸಿಗೆ ಒಂದು ದಿನದ ಬಾಡಿಗೆ ತೆತ್ತ ಹಾಗೆ. ಬಿಸಿನೀರು ಎಷ್ಟು ಗಂಟೆಯವರೆಗೆ? ಹೇಳಿದ ದರದಲ್ಲಿ ಟ್ಯಾಕ್ಸ್ ಸೇರಿದೆಯೋ ಇಲ್ಲವೋ? ಸಾವಿರ ರೂಪಾಯಿ ಒಳಗಿನ ಕೋಣೆಗೆ ಮುಂಚೆ ಜಿಎಸ್‌ಟಿ ಇರಲಿಲ್ಲ, 2022ರ ಜುಲೈನಲ್ಲಿ ಅದಕ್ಕೂ ಬಂತು, 2025ರ ಸೆಪ್ಟೆಂಬರಿನಲ್ಲಿ ಶೇಕಡಾ ಐದಕ್ಕೆ ಇಳಿಯಿತು. ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಅತ್ತಲಿಂದ ಒಂದು ಪ್ರಶ್ನೆ ಬರುತ್ತದೆ: "ಜೊತೇಲಿ ಯಾರ್ ಇದಾರೆ ಮೇಡಂ?" ಇಬ್ಬರು ಹುಡುಗಿಯರು ಎಂದರೆ ಅಲ್ಲಿ ಸ್ವಲ್ಪ ಹೊತ್ತು ಮೌನ. ಇಬ್ಬರು ಹುಡುಗರಿಗೆ ಈ ಮೌನ ಇಲ್ಲ. ಇಬ್ಬರೂ ಇಪ್ಪತ್ತು ದಾಟಿದವರು, ಮತ ಹಾಕುವವರು, ನಾಳೆ ಪಿಎಸ್‌ಐ ಆಗಿ ಇದೇ ಲಾಡ್ಜಿನ ರಿಜಿಸ್ಟರ್ ತಪಾಸಣೆಗೆ ಬಂದರೂ ಬರಬಹುದಾದವರು.

ಇಂಥ ಪ್ರಶ್ನೆ ಕೇಳದೆ ಬಡವರಿಗೆ ಇಳಿದುಕೊಳ್ಳಲು ಜಾಗ ಕೊಟ್ಟವರ ನೆನಪು ರಾಯಣ್ಣನ ಸ್ಟೇಷನ್ನಿನ ಎದುರೇ ಇದೆ. ಗುಬ್ಬಿ ತೋಟದಪ್ಪನವರು ವ್ಯಾಪಾರಸ್ಥರು. ಮಕ್ಕಳಿರಲಿಲ್ಲ. ಗಳಿಸಿದ್ದನ್ನೆಲ್ಲ ಊರಿಂದೂರಿಗೆ ಬರುವವರ ತಂಗುದಾಣಕ್ಕೂ ಓದುವ ಹುಡುಗರ ವಸತಿಗೂ ಬರೆದುಕೊಟ್ಟರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆ ಧರ್ಮಛತ್ರ ತೆರೆದರು. ಛತ್ರ ಎಲ್ಲಿ ಕಟ್ಟಬೇಕು ಎಂಬುದರಲ್ಲಿ ಆ ವ್ಯಾಪಾರಿಯ ಜಾಣತನ ನೋಡಿ: ರೈಲಿಳಿದವನು ಗಂಟು ಹೊತ್ತು ನಡೆದು ಮುಟ್ಟುವಷ್ಟು ಹತ್ತಿರ. ಪೀಣ್ಯದಲ್ಲಿ ನಿಲ್ದಾಣ ಕಟ್ಟಿದವರು, ಬೈಯಪ್ಪನಹಳ್ಳಿಯಲ್ಲಿ ಟರ್ಮಿನಲ್ ಕಟ್ಟಿದವರು ಒಮ್ಮೆ ಹೋಗಿ ಆ ಅಂತರವನ್ನು ಹೆಜ್ಜೆಯಲ್ಲಿ ಅಳೆದು ಬಂದಿದ್ದರೆ ಚೆನ್ನಾಗಿತ್ತು.

ಗಂಡುಹುಡುಗರಿಗೆ ಇನ್ನೊಂದು ದಾರಿ ಶಾಸಕರ ಭವನ. ಊರಿನ ಶಾಸಕರ ಚೀಟಿ ಸಿಕ್ಕರೆ ವಿಧಾನಸೌಧದ ನೆರೆಯಲ್ಲೇ ಠಿಕಾಣಿ, ಮೆಟ್ರೋ ಕೂಗಳತೆಯಲ್ಲಿ. ಆದರೆ ಚೀಟಿ ತರಲು ಅಪ್ಪ ಮೊದಲು ಶಾಸಕರ ಹಿಂಬಾಲಕರ ಮನೆಗೆ ಎಡತಾಕಬೇಕು, ಆ ಖರ್ಚು ಚೀಟಿಯಲ್ಲಿ ಬರೆದಿರುವುದಿಲ್ಲ. ರೈಲ್ವೆಯ ವಿಶ್ರಾಂತಿ ಕೊಠಡಿಯನ್ನು ಟಿಕೆಟ್ಟಿನ ಪಿಎನ್‌ಆರ್ ಮೇಲೆ ತಾಸಿನ ಲೆಕ್ಕದಲ್ಲಿ ಹಿಡಿಯಬಹುದು; ಖಾಲಿ ಇದ್ದರೆ ಅದರಂಥದ್ದು ಬೇರೆ ಇಲ್ಲ. ಊಟಕ್ಕೆ 2017ರಿಂದ ಇಂದಿರಾ ಕ್ಯಾಂಟೀನು, ಐದು ರೂಪಾಯಿಗೆ ತಿಂಡಿ. ಆದರೂ ಬುತ್ತಿ ಬಿಡಬಾರದು. ರೊಟ್ಟಿ ಮೂರು ದಿನಕ್ಕೂ ಕೆಡುವುದಿಲ್ಲ, ಕ್ಯೂ ನಿಲ್ಲಿಸುವುದಿಲ್ಲ.

ನಮ್ಮ ಅಪ್ಪನ ದೊಡ್ಡ ಊರು ಬೆಂಗಳೂರಲ್ಲ, ಮುಂಬೈ. 1956ರ ನವೆಂಬರ್ 1ರವರೆಗೆ ಧಾರವಾಡ ಮುಂಬೈ ರಾಜ್ಯದಲ್ಲಿತ್ತು. ನೌಕರಿಯ ಸಂದರ್ಶನವೆಂದರೆ ಅಲ್ಲಿಗೇ ಹೋಗಬೇಕು. ಮೀಟರ್ ಗೇಜಿನ ಗಾಡಿಯಲ್ಲಿ ಪುಣೆಯವರೆಗೆ, ಅಲ್ಲಿ ಇಳಿದು ದೊಡ್ಡ ಹಳಿಯ ಗಾಡಿ ಹತ್ತಿ ಮುಂಬೈ. ಇಳಿದುಕೊಂಡದ್ದು ಊರಿನವರೊಬ್ಬರ ಚಾಳಿನ ಖೋಲಿಯಲ್ಲಿ. ಅಲ್ಲಿ ಗಿರಣಿಯವರು ಪಾಳಿಯ ಮೇಲೆ ದುಡಿಯುತ್ತಿದ್ದರು, ಪಾಳಿಯ ಮೇಲೆ ಮಲಗುತ್ತಿದ್ದರು. ರಾತ್ರಿ ಪಾಳಿಗೆ ಹೋದವನ ಹಾಸಿಗೆ ಅಪ್ಪನಿಗೆ. ಮುಂಜಾನೆ ಅವನು ಬರುವುದರೊಳಗೆ ಎದ್ದು ಹಾಸಿಗೆ ಬಿಟ್ಟುಕೊಡಬೇಕು. "ಹಾಸಿಗಿ ತಣ್ಣಗಾಗೂದ ಇಲ್ಲ ನೋಡು ಆ ಊರಾಗ" ಎಂದು ಅಪ್ಪ ಮುದುಕನಾದ ಮೇಲೂ ಹೇಳುತ್ತಿದ್ದ. ನೌಕರಿ ಸಿಗಲಿಲ್ಲ. ವಾಪಸ್ಸು ಬಂದು ಧಾರವಾಡದಲ್ಲೇ ಮಾಸ್ತರನಾದ, ಸಪ್ತಾಪುರದಲ್ಲಿ ಜಾಗ ಹಿಡಿದು ಮನೆ ಕಟ್ಟಿದ, ಮನೆಗೆ ಮೊದಲು ಹಾಕಿಸಿದ್ದು ಹೊರಗಿನಿಂದ ಮಾಳಿಗೆಗೆ ಹತ್ತುವ ಮೆಟ್ಟಿಲು. ಬಂದವರು ಯಾರನ್ನೂ ಎಬ್ಬಿಸದೆ ಹತ್ತಿಹೋಗಲಿ ಎಂದು.

ಮೊನ್ನೆ ಅದೇ ಮೆಟ್ಟಿಲಿಳಿದು ಮೂವರೂ ಕೆಳಗೆ ಬಂದರು. ಈ ಸಲ ಎರಡು ದಿನದ ಪರೀಕ್ಷೆ. ಹಾಲಿನೊಳಗೆ ಫೋನು ಬಿಡುವುದಿಲ್ಲ, ಬ್ಯಾಗು ಬಿಡುವುದಿಲ್ಲ, ತುಂಬು ತೋಳಿನ ಅಂಗಿ ಬಿಡುವುದಿಲ್ಲ. ಟಿಕೆಟ್ಟು, ದುಡ್ಡು, ನಕ್ಷೆ, ಮೆಟ್ರೋ ಎಲ್ಲ ಇರುವುದು ಫೋನಿನಲ್ಲೇ. ಗೇಟಿನ ಎದುರಿನ ಅಂಗಡಿಯವನ ಕೈಗೆ ಮೂರು ಫೋನು ಕೊಟ್ಟು ಒಳಗೆ ಕುಳಿತರೆ ಬರೆಯಲು ಮನಸ್ಸು ನಿಲ್ಲುತ್ತದೆಯೇ? ಸ್ಟೇಷನ್ನಿನ ಸಾಮಾನು ಕೋಣೆಯಲ್ಲಿ ಬೀಗ ಹಾಕಿದ ಬ್ಯಾಗು ಮಾತ್ರ ತೆಗೆದುಕೊಳ್ಳುತ್ತಾರೆ. ಇವರ ಬ್ಯಾಗುಗಳಿಗೆ ಝಿಪ್ಪೇ ಸರಿಯಾಗಿಲ್ಲ. ಅತ್ತ ಲಾಡ್ಜಿನವನು ದೊಡ್ಡವರು ಯಾರಾದರೂ ಜೊತೆಗಿದ್ದರೆ ಕೋಣೆ ಕೊಡುತ್ತೇನೆ ಎಂದಿದ್ದಾನೆ. ಲಿಂಗಸುಗೂರಿನ ಅವ್ವನಿಗೆ ಕಣ್ಣಿನ ಆಪರೇಷನ್ ಆಗಿದೆ, ಮುಂಡರಗಿಯ ಅವ್ವನಿಗೆ ಶೇಂಗಾ ಕೀಳುವ ಸುಗ್ಗಿ, ಯಾದಗಿರಿಯಾಕಿಗೆ ಅವ್ವ ಇಲ್ಲ.

ರಫ್ ನೋಟ್‌ಬುಕ್ಕು ನನ್ನ ಮುಂದೆ ತೆರೆದಿಟ್ಟರು. ಎಡಗಡೆ ಮೂವರ ಖರ್ಚು, ಬಲಗಡೆ 'ಆಂಟಿ' ಎಂದು ಬರೆದು ಕೆಳಗೆ ಸಾಲಾಗಿ: ಬಸ್ಸು ಸೊನ್ನೆ, ಬಿಎಂಟಿಸಿ ಸೊನ್ನೆ, ಊಟ ಬುತ್ತಿ.

"ನೋಡ್ರಿ ಆಂಟಿ, ನೀವು ಬಂದ್ರ ನಮಗೇನೂ ಹೆಚ್ಚಿಗಿ ಬೀಳಂಗಿಲ್ರಿ" ಅಂದಳು ಯಾದಗಿರಿಯಾಕಿ, ನನ್ನನ್ನು ಸಮಾಧಾನ ಮಾಡುವವಳ ಹಾಗೆ.

"ರಾತ್ರಿ ಪೂರಾ ಕುಂತ್ಕೊಂಡ್ ಬರಾಕ ನನ್ನ ಸೊಂಟಕ್ಕ ಆಗಂಗಿಲ್ಲವಾ."

"ಅದಕ್ಕ ನಿಮಗೊಂದ ಚೆನ್ನಮ್ಮದಾಗ ಲೋವರ್ ಬರ್ತ್ ನೋಡೇವ್ರಿ. ನಾವು ಬಸ್ಸಿಗೆ ಬರ್ತೇವಿ. ನೀವು ಮಲಕೊಂಡ್ ಬರ್ರಿ. ಮೆಜೆಸ್ಟಿಕ್ಕಿನಾಗ ಭೇಟಿ ಆಗೂಣಂತ."

ಮತ್ತೊಮ್ಮೆ ನೋಟ್‌ಬುಕ್ಕು ನೋಡಿದೆ. ಬಲಗಡೆ ಸಾಲಿನ ಕೊನೆಯಲ್ಲಿ ಪೆನ್ಸಿಲ್ಲಿನಲ್ಲಿ 'ಎಕ್ಸ್‌ಟ್ರಾ ಬೆಡ್' ಎಂದು ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಅದಕ್ಕೆ ಎಷ್ಟಾಗುತ್ತದೆ, ಟ್ಯಾಕ್ಸ್ ಸೇರಿಸಿಯೋ ಬಿಟ್ಟೋ, ಮೊದಲು ಫೋನು ಹಚ್ಚಿ ಕೇಳ್ರಿ ಅಂದೆ.